ಬಿಎಸ್‌ಡಬ್ಲ್ಯೂ ಸೇರ್ಬೇಕಂತ ಮಾಡೀನಿ, ಮನ್ಯಾಗ ಬ್ಯಾಡ ಅನ್ನಾಕತ್ತಾರ, ಕಲ್ತವರು ಹೇಳ್ರಿ

ರೋಣದ ಹುಡುಗಿ:
ಎಲ್ಲಾರಿಗೂ ನಮಸ್ಕಾರ್ರಿ. ನಂದು ಈ ವರ್ಷ ಪಿಯುಸಿ ಆರ್ಟ್ಸ್ ಮುಗೀತು, 78 ಪರ್ಸೆಂಟ್ ಆಗೇತಿ. ನಮ್ಮ ಕಡೆ ಆರ್ಟ್ಸ್ ಅಂದ್ರ ಮುಂದ ಬಿಎ, ಆಮ್ಯಾಲ ಬಿಎಡ್, ಆಮ್ಯಾಲ ಟೀಚರ್ ಪರೀಕ್ಷೆ ಯಾವಾಗ ಕರೀತಾರಂತ ಕಾಯೋದು, ಇದೊಂದ ದಾರಿ ಎಲ್ಲಾರ ಕಣ್ಣಿಗೂ ಕಾಣ್ತೈತಿ. ನಂಗ ಬಿಎಸ್‌ಡಬ್ಲ್ಯೂ, ಅಂದ್ರ ಸಮಾಜಕಾರ್ಯದ ಡಿಗ್ರಿ, ಮಾಡ್ಬೇಕಂತ ಮನಸೈತಿ. ಯಾಕಂದ್ರ ಹೋದ ವರ್ಷ ನಮ್ಮೂರ ಸಾಲ್ಯಾಗ ಮಕ್ಕಳ ಗ್ರಾಮಸಭಾ ಆತು, ಅದನ್ನ ನಡಸಾಕ ಒಬ್ಬಾಕಿ ಅಕ್ಕ ಬಂದಿದ್ಲು. ಆಕಿ ಭಾಷಣ ಮಾಡಲಿಲ್ಲ. ಹುಡುಗೂರನ್ನ ಸುತ್ತ ಕುಂದರಿಸಿ ಒಂದೊಂದು ಚೀಟಿ ಕೊಟ್ಟು 'ನಿಮಗೇನು ತ್ರಾಸ ಐತಿ ಬರೀರಿ, ಹೆಸರು ಬರೀಬ್ಯಾಡ್ರಿ' ಅಂದ್ಲು. ಹದಿನೈದು ಚೀಟ್ಯಾಗ ಒಂದ ಮಾತು, ಹುಡುಗ್ಯಾರ ಸಂಡಾಸಕ್ಕ ಕದ ಇಲ್ಲ. ನಾನೂ ಅದ ಸಾಲ್ಯಾಗ ಏಳು ವರ್ಷ ಕಲ್ತಾಕಿ, ನಾವ್ಯಾರೂ ಅದನ್ನ ಒಮ್ಮೆನೂ ಬಾಯಿ ಬಿಟ್ಟು ಹೇಳಿದ್ದಿಲ್ಲ. ಎರಡು ತಿಂಗಳದಾಗ ಕದ ಕುಂತ್ವು. ಆಕಿನ್ನ ಕೇಳಿದ್ರ ನಾ ಬಿಎಸ್‌ಡಬ್ಲ್ಯೂ ಓದೀನಿ ಅಂದ್ಲು, ಅವತ್ತಿಂದ ನನ್ನ ತಲ್ಯಾಗ ಅದ ಕುಂತೈತಿ.

ಅಪ್ಪಾರು ಏನಂತಾರಂದ್ರ ಮಂದಿ ಮನಿ ತಿರುಗೋದಕ್ಕ ಡಿಗ್ರಿ ಯಾಕ ಬೇಕು, ಸಮಾಜಸೇವಾ ಅಂದ್ರ ಹೊಟ್ಟಿ ತುಂಬಿದವರು ಮಾಡೋದು ಅಂತಾರ. ಅವರ ಮಾತಿನ್ಯಾಗೂ ತಪ್ಪಿಲ್ಲ, ನಾಕು ಎಕರೆ ಒಣ ಬೇಸಾಯ ನಮ್ಮದು. ಇದರಾಗ ಖರೇನ ಏನು ಕಲಸ್ತಾರ, ನೌಕರಿ ಸಿಗ್ತೈತೋ ಇಲ್ಲೋ, ಫೀಲ್ಡ್ ವರ್ಕ್ ಅಂತ ಹುಡುಗ್ಯಾರನ್ನ ಎಲ್ಲೆಲ್ಲಿ ಕಳಸ್ತಾರ, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟ ಅದಕ್ಕೇನು ಮಾಡ್ಬೇಕು, ಓದಿದವರು ಇದ್ದದ್ದು ಇದ್ದಂಗ ಹೇಳ್ರಿ.

ಹಳೇ ಹುಬ್ಬಳ್ಳಿಯಾಂವ:
ತಂಗಿ ಖರೆ ಹೇಳ್ತೀನಿ ಸಿಟ್ಟಾಗಬ್ಯಾಡ, ಬ್ಯಾಡ. ನಮ್ಮ ಅಣ್ಣನ ಮಗ ಮಾಡ್ಯಾನ, ಈಗ ಮೊಬೈಲ್ ಅಂಗಡ್ಯಾಗ ಕೆಲಸಕ್ಕದಾನ. ಬಿಕಾಂ ಮಾಡಿ ಟ್ಯಾಲಿ ಕಲತ್ರ ಗೋಕುಲ ರೋಡಿನ್ಯಾಗ ಯಾವುದರ ಆಫೀಸಿನ್ಯಾಗ ಕುಂದರಬಹುದು.

ಎರಡನೇ ವರ್ಷ ಧಾರವಾಡ:
ನಾ ಈಗ ಬಿಎಸ್‌ಡಬ್ಲ್ಯೂ ಎರಡನೇ ವರ್ಷದಾಗ ಅದೀನಿ, ಹುಡುಗ, ಊರು ಕಲಘಟಗಿ ಕಡೆ. ನಮ್ಮ ವಾರ ಹೆಂಗಿರ್ತೈತಿ ಅಂತ ಹೇಳ್ತೀನಿ ಅಂದ್ರ ನಿಮಗ ತಿಳೀತೈತಿ.

ನಾಕು ದಿನ ಕ್ಲಾಸು, ಎರಡು ದಿನ ಫೀಲ್ಡ್. ಕ್ಲಾಸಿನ್ಯಾಗ ಸಮಾಜಕಾರ್ಯದ ವಿಧಾನಗಳು, ಸಮಾಜಶಾಸ್ತ್ರ, ಮನಃಶಾಸ್ತ್ರ, ಕನ್ನಡ, ಇಂಗ್ಲಿಷ್, ಎಲ್ಲಾ ಇರ್ತಾವು. ಮೊದಲನೇ ಸೆಮ್‌ದಾಗ ಬರೀ ನೋಡಾಕ ಕರ್ಕೊಂಡು ಹೋಗ್ತಾರ, ಅಂಗನವಾಡಿ, ಬಾಲಮಂದಿರ, ವೃದ್ಧಾಶ್ರಮ, ಡಿಮ್ಹಾನ್ಸ್ ಅನ್ನೋ ಧಾರವಾಡದ ಮನೋರೋಗದ ದವಾಖಾನಿ ಹಿಂಗ. ಆಮ್ಯಾಲ ಒಂದೊಂದು ಕಡೆ ಪ್ಲೇಸ್‌ಮೆಂಟ್ ಹಾಕ್ತಾರ, ಕೆಲವರಿಗೆ ಹಳ್ಳಿ, ಕೆಲವರಿಗೆ ಸ್ಲಮ್ಮು, ಕೆಲವರಿಗೆ ದವಾಖಾನಿ. ಹೋಗಿಬಂದ ಮ್ಯಾಲ ರೆಕಾರ್ಡ್ ಬರೀಬೇಕು, ಎಷ್ಟು ಗಂಟೆಕ್ಕ ಹೋದಿ, ಯಾರನ್ನ ಭೇಟಿಯಾದಿ, ಅವರೇನಂದ್ರು, ನೀ ಏನಂದಿ, ಮುಂದಿನ ವಾರ ಏನು ಮಾಡಾಂವ ಅಂತ. ವಾರಕ್ಕೊಮ್ಮೆ ಐಸಿ ಇರ್ತೈತಿ, ಅಂದ್ರ ಸೂಪರ್‌ವೈಸರ್ ಸರ್ ನಮ್ಮನ್ನ ಒಬ್ಬೊಬ್ಬರನ್ನ ಕುಂದರಿಸಿ ಆ ರೆಕಾರ್ಡ್ ಓದಿ ಕೇಳ್ತಾರ. ಪರೀಕ್ಷೆಕ್ಕಿಂತ ಅದಕ್ಕ ಹೆಚ್ಚು ಹೆದರಿಕಿ ನಮಗ. ಸೆಮ್ ಕೊನೀಗೆ ಅದರ ಮ್ಯಾಲನ ವೈವಾ. ವರ್ಷಕ್ಕೊಮ್ಮೆ ಹಳ್ಳಿ ಶಿಬಿರ, ವಾರಗಟ್ಲೆ ಸಾಲ್ಯಾಗನ ಮಲಗೋದು, ನಾವ ಅಡಗಿ ಮಾಡ್ಕೊಳ್ಳೋದು, ಸರ್ವೆ ಮಾಡೋದು, ರಾತ್ರಿ ಬೀದಿನಾಟಕ.

ಹೋದ ಶಿಬಿರದಾಗ ಒಂದು ಆತು. ಊರ ನಕ್ಷೆ ತಗಸ್ಬೇಕಿತ್ತು, ನೆಲದ ಮ್ಯಾಲ ರಂಗೋಲಿ ಪುಡಿಯಿಂದ ಊರವರ ಕಡಿಂದನ ಬರಸೋದು ಅದು. ಗಂಡಸರು ಬಂದು ಗುಡಿ, ಪಂಚಾಯ್ತಿ, ಚಾದಂಗಡಿ, ಸೊಸೈಟಿ, ಬಸ್‌ಸ್ಟ್ಯಾಂಡ್ ಬರದ್ರು, ಛೊಲೊ ಆತು ಅಂತ ನಾವು ಫೋಟೋ ಹೊಡ್ಕೊಂಡ್ವಿ. ಆಮ್ಯಾಲ ಹೆಣ್ಮಕ್ಕಳು ಬಂದು ನೋಡಿ ಒಬ್ಬಾಕಿ ಅಜ್ಜಿ 'ಹಳ್ಳದ ಆಚಿ ಓಣಿ ಎಲ್ಲೈತೋ ತಮ್ಮಾ' ಅಂದ್ಲು. ಖರೇನ ಇಪ್ಪತ್ತು ಮನಿ ನಕ್ಷ್ಯಾಗ ಇರಲೇ ಇಲ್ಲ. ನೀರಿನ ಪೈಪು ಕೂಡ ಹಳ್ಳದ ಈಚೀನ ನಿಂತಿತ್ತು. ಪುಸ್ತಕದಾಗ ಅಂಚಿನ ಸಮುದಾಯ ಅಂತ ಓದಿದ್ದು ಅವತ್ತು ಕಣ್ಣಿಗೆ ಕಂಡ್ತು ನಂಗ.

ಖರ್ಚು ಅಂದ್ರ ಬಸ್ಸು, ಊಟ. ನಿಮಗ 2023ರ ಜೂನದಿಂದ ಶಕ್ತಿ ಯೋಜನಾ ಐತಿ, ಫೀಲ್ಡಿಗೆ ಓಡಾಡಾಕ ಅದು ಭಾಳ ಅನುಕೂಲ, ನಮ್ಮ ಕ್ಲಾಸಿನ ಹುಡುಗ್ಯಾರು ಆಧಾರ ಕಾರ್ಡ್ ತೋರಿಸಿ ಹೋಗ್ತಾರ, ನಾವು ಹುಡುಗೂರು ಪಾಸ್ ತಗಸ್ತೀವಿ. ಇಂಗ್ಲಿಷ್ ಚಿಂತಿ ಬಿಡ್ರಿ, ನಾ ರೆಕಾರ್ಡ್ ಕನ್ನಡದಾಗ ಬರೀತೀನಿ, ಪುಸ್ತಕ ಮಾತ್ರ ಇಂಗ್ಲಿಷಿನ್ಯಾಗ ಹೆಚ್ಚು.

ಇನ್ನೊಂದು ಹೇಳ್ಬೇಕು, ಇದು ಎರಡು ತಿಂಗಳಿಂದ ನನ್ನ ಮನಸಿನ್ಯಾಗ ಕೊರಿಯಾಕತ್ತೈತಿ. ನಾ ಹೋಗೋ ಹಳ್ಳ್ಯಾಗ ಒಂದು ಹುಡುಗೀದು ಮದುವಿ ನಿಂತ್ತು, ಆಕಿಗೆ ಇನ್ನೂ 18 ಆಗಿದ್ದಿಲ್ಲ. [ಊರ ಹೆಸರು, ಮನಿತನದ ವಿವರ ಇಲ್ಲಿದ್ವು, ಕೆಳಗ ಅಕ್ಕಾರು ಹೇಳಿದ ಮ್ಯಾಲ ತಗದೀನಿ.] ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹೋಗಿ ಅಧಿಕಾರಿಗಳು ಬಂದು ಮುಚ್ಚಳಿಕೆ ಬರಸ್ಕೊಂಡು ಹೋದ್ರು. ಕಾಯ್ದೆ ಪ್ರಕಾರ ಆಗಬೇಕಾದ್ದ ಆತು. ಆದ್ರ ಮರುವಾರ ನಾ ಹೋದಾಗ ಆಕಿ ಬಾಗಲಾ ಹಿಂದ ನಿಂತು 'ನನ್ನ ಸಾಲಿ ಮೊದಲ ಬಿಡಿಸಿದ್ರು, ಈಗ ಓಣಿಯವರೂ ಮಾತು ಬಿಟ್ರು' ಅಂದ್ಲು. ನಾವು ಮಾಡಿದ್ದು ಸರಿನೋ ತಪ್ಪೋ ತಿಳೀವಲ್ದು.

ಹಾವೇರಿ ಅಕ್ಕ:
ತಮ್ಮಾ, ಮೊದಲ ಆ ಊರ ಹೆಸರು, ಮನಿ ವಿವರ ತಗಿ. ಈಗಿಂದೀಗ ತಗಿ, ಆಮ್ಯಾಲ ಮುಂದ ಓದು. ಅಂಥಾ ಹುಡುಗಿ ಗುರುತು ಹೊರಗ ಬರೋ ಹಂಗ ಬರೆಯೋದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ. ಕಾಯ್ದೆ ಬಿಡು, ಆ ಊರಾಗೂ ಫೋನ್ ಅದಾವು, ನಾಳೆ ಆಕಿನ್ನ ಇದನ್ನ ತೋರಿಸಿ ಚುಡಾಯಿಸ್ತಾರ. ನಿನ್ನ ಮನಸಿನ ಭಾರ ಇಳಸಾಕ ಐಸಿ ಐತಿ, ನಿನ್ನ ಸೂಪರ್‌ವೈಸರ್ ಅದಾರ. ಇಲ್ಲಿ ಬರೆಯೋದಲ್ಲ.

ಎರಡನೇ ವರ್ಷ ಧಾರವಾಡ:
ತಪ್ಪಾತ್ರಿ ಅಕ್ಕಾರ, ತಗದೆ. ಗೌಪ್ಯತೆ ಅಂತ ಪರೀಕ್ಷೆದಾಗ ಹತ್ತು ಮಾರ್ಕಿಂದು ಬರದೀನಿ ನಾ.

ಹಾವೇರಿ ಅಕ್ಕ:
ತಗದಿ, ಅಷ್ಟು ಸಾಕು. ನಿನಗೂ ರೋಣದ ತಂಗಿಗೂ ಕೂಡೇ ಬರೀತೀನಿ, ಉದ್ದಾಗ್ತೈತಿ.

ನಾ ಬಿಎಸ್‌ಡಬ್ಲ್ಯೂ ಮಾಡಿ, ಅದರ ಮುಂದಿನ ಡಿಗ್ರಿ ಎಂಎಸ್‌ಡಬ್ಲ್ಯೂ ಮಾಡಿ, ಈಗ ಹದಿನಾಲ್ಕು ವರ್ಷ ಆತು ಮಕ್ಕಳ ಕೆಲಸದಾಗ. ತಮ್ಮಾ, ಮದುವಿ ನಿಲ್ಲಿಸಿದ್ದು ಸರಿ. ನಮ್ಮ ರಾಜ್ಯದಾಗ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಕ್ಕ ಮಾಡಿದ ತಿದ್ದುಪಡಿ ಪ್ರಕಾರ ಅಂಥಾ ಮದುವಿ ಆದ್ರೂ ಅದು ಮದುವಿನ ಅಲ್ಲ. ಆದ್ರ ಮದುವಿ ನಿಲ್ಲಿಸೋದು ಒಂದು ಮುಂಜಾನಿ ಕೆಲಸ, ಆ ಹುಡುಗಿ ಮುಂದಿನ ಎರಡು ವರ್ಷದ್ದು ಖರೆ ಕೆಲಸ. ಸಾಲಿ ಬಿಟ್ಟದ್ದು ಯಾಕ, ಊರಿಂದ ಹೈಸ್ಕೂಲಿಗೆ ಬಸ್ ಎಷ್ಟು ಗಂಟೆಕ್ಕ ಐತಿ, ಹಾಸ್ಟೆಲ್ ಸಿಗ್ತೈತೇನು, ಅವರ ಅವ್ವ ಏನಂತಾಳ, ಮದುವಿಗಂತ ತಂದ ಸಾಲ ಎಷ್ಟು. ಮಕ್ಕಳ ಕಲ್ಯಾಣ ಸಮಿತಿ ಮುಂದ ಆಕಿನ್ನ ಹಾಜರ ಮಾಡಿದ್ರೋ ಇಲ್ಲೋ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಾಗ ಆಕಿದು ಫೈಲ್ ಐತೋ ಇಲ್ಲೋ ಅಂತ ನಿನ್ನ ಸೂಪರ್‌ವೈಸರ್ ಕಡಿಂದ ಕೇಳ್ಸು. ನೀ ಸ್ಟೂಡೆಂಟ್, ಒಬ್ಬನ ಹೆಗಲ ಮ್ಯಾಲ ಹೊತ್ಕೋಬ್ಯಾಡ. ಆದ್ರ ಆಕಿ ಬಾಗಲಾ ಹಿಂದ ನಿಂತರೂ ನಿನ್ನ ಜೋಡಿ ಮಾತಾಡಿದ್ಲಲ್ಲ, ಹೋಗೋದು ಬಿಡಬ್ಯಾಡ. ವಾರಾ ವಾರಾ ಅದ ಟೈಮಿಗೆ ಹೋಗು.

ಈಗ ತಂಗಿ, ನಿನ್ನ ಪ್ರಶ್ನೆ. ಇದರಾಗ ಏನು ಕಲಸ್ತಾರ ಅಂದ್ಯಲ್ಲ, ನಾ ಕಲ್ತದ್ದು ಒಂದ ದಿನದ್ದು ಹೇಳ್ತೀನಿ.

ಮೊದಲನೇ ವರ್ಷದಾಗ ನನಗ ಸಾಲಿ ಬಿಟ್ಟ ಹುಡುಗೂರ ಮನಿ ಭೇಟಿ ಕೊಟ್ಟಿದ್ರು. ಒಂದು ಹುಡುಗಿ ಐದನೇತ್ತಕ್ಕ ಬಿಟ್ಟಿತ್ತು. ಅಪ್ಪ ಅವ್ವ ಗೋವಾಕ್ಕ ದುಡ್ಯಾಕ ಹೋಗಿದ್ರು, ಅಜ್ಜಿ ಕಡೆ ಬಿಟ್ಟಿದ್ರು. ನಾ ಹೋಗಿ ಹತ್ತು ನಿಮಿಷ ಕುಂತು, ಸಾಲಿ ಕಲೀಬೇಕವ್ವ ಅಂತ ಬುದ್ಧಿ ಹೇಳಿ ಬಂದು ರೆಕಾರ್ಡಿನ್ಯಾಗ 'ಪಾಲಕರಿಗೆ ಶಿಕ್ಷಣದ ಮಹತ್ವ ತಿಳಿದಿಲ್ಲ' ಅಂತ ಚಂದಾಗಿ ಬರದೆ. ನಮ್ಮ ಮೇಡಂ ಆ ಸಾಲಿನ ಮ್ಯಾಲ ಕೆಂಪು ಪೆನ್ನಿಂದ ಅಡ್ಡ ಗೆರಿ ಎಳದು ಬದಿಗೆ ಬರದ್ರು, 'ಇದು ಅವರು ಹೇಳಿದ್ದೋ, ನೀ ಅಂದ್ಕೊಂಡದ್ದೋ?' ಅವರು ಹೇಳಿದ್ದು ಏನೂ ನನ್ನ ಹತ್ರ ಇರಲಿಲ್ಲ. ಯಾಕಂದ್ರ ನಾ ಕೇಳೇ ಇರಲಿಲ್ಲ. ವಾಪಸ್ ಕಳಿಸಿದ್ರು.

ಎರಡನೇ ಸಲ ಬುದ್ಧಿ ಹೇಳಲಿಲ್ಲ, ಅಜ್ಜಿ ಜೋಡಿ ಶೇಂಗಾ ಸುಲೀತ ಕುಂತೆ. ಮೂರನೇ ಸಲ ಅಜ್ಜಿ ಹೇಳಿದ್ಲು, ಹುಡುಗಿಗೆ ಮೂರು ವರ್ಷದ ತಮ್ಮ ಅದಾನ, ಅಜ್ಜಿಗೆ ಕಣ್ಣಾಗ ಪೊರಿ ಬಂದು ಕಾಣಂಗಿಲ್ಲ, ಕೂಸು ಬಾವಿ ಕಡೆ ಹೋದ್ರ ಯಾರು ಹಿಡೀಬೇಕು. ಅಂಗನವಾಡ್ಯಾಗ ಯಾಕ ಹಾಕಿಲ್ಲ ಅಂದ್ರ ಹೆಸರು ಗೋವಾಕ್ಕ ಹೋದಾಗ ತಗದಾರ, ಮತ್ತ ಹಾಕ್ಸಾಕ ಯಾರೂ ಹೋಗಿಲ್ಲ. ಅಜ್ಜಿದು ಸಂಧ್ಯಾ ಸುರಕ್ಷಾ ಪಿಂಚಣಿನೂ ನಿಂತು ಎಂಟು ತಿಂಗಳಾಗಿತ್ತು. ಅಂಗನವಾಡಿ ಟೀಚರ್‌ಗೆ ಹೋಗಿ ಕೇಳಿದ್ರ ಅವತ್ತ ಹೆಸರು ಬರ್ಕೊಂಡ್ರು. ನಾಡಕಚೇರಿಗೆ ನಾಕು ಸಲ ಅಡ್ಡಾಡಿದ ಮ್ಯಾಲ ಪಿಂಚಣಿ ಚಾಲೂ ಆತು. ಕಣ್ಣಿನ ಶಿಬಿರ ಬಂದಾಗ ಅಜ್ಜಿ ಆಪರೇಷನ್ ಆತು. ಹುಡುಗಿ ಜನವರಿಯಾಗ ಸಾಲಿಗೆ ಹೋತು. ಯಾರಿಗೂ ಶಿಕ್ಷಣದ ಮಹತ್ವ ತಿಳಿಸಿಕೊಡಬೇಕಾಗಿರಲಿಲ್ಲ ತಂಗಿ, ಆ ಮನ್ಯಾಗ ಅದು ನನಗಿಂತ ಛೊಲೊ ಗೊತ್ತಿತ್ತು.

ಇದನ್ನ ಕಲೀಲಿಕ್ಕೆ ಡಿಗ್ರಿ ಬೇಕೇನು ಅಂತ ನಿಮ್ಮ ಅಪ್ಪಾರು ಕೇಳಿದ್ರ, ಕೆಂಪು ಪೆನ್ನು ಹಿಡಿದವರೊಬ್ಬರು ಬೇಕು, ಮೂರು ವರ್ಷ ವಾರಾ ವಾರಾ ಬೇಕು ಅಂತ ಹೇಳು. ಅದಿದ್ರ ಬಿಎಸ್‌ಡಬ್ಲ್ಯೂ ಐತಿ, ಅದಿಲ್ಲಂದ್ರ ಬರೀ ಹೆಸರು.

ಬೆಟಗೇರಿ ನೇಕಾರರ ಮಗ:
ಹಳೇ ಹುಬ್ಬಳ್ಳಿ ಅಣ್ಣಾರ ಮಾತು ಪೂರ್ತಿ ತಗದ ಹಾಕಾಕ ಆಗಂಗಿಲ್ರಿ. ಬರೀ ಬಿಎಸ್‌ಡಬ್ಲ್ಯೂ ಮ್ಯಾಲ ಛೊಲೊ ನೌಕರಿ ಕಷ್ಟ. ನಾ ಮುಗಿಸಿ ಎಂಎಸ್‌ಡಬ್ಲ್ಯೂದಾಗ ಎಚ್‌ಆರ್ ತಗೊಂಡೆ, ಈಗ ಧಾರವಾಡ ಬೇಲೂರ ಇಂಡಸ್ಟ್ರಿಯಲ್ ಏರಿಯಾದಾಗ ಒಂದು ಕಾರ್ಖಾನಿಯೊಳಗ ಅದೀನಿ. ವೆಲ್‌ಫೇರ್ ಆಫೀಸರ್ ಅನ್ನೋ ಹುದ್ದೆ ಫ್ಯಾಕ್ಟರಿಗೆ ಬಂದದ್ದು 1948ರ ಕಾರ್ಖಾನೆ ಕಾಯ್ದೆಯಿಂದ, 500 ಮಂದಿ ಕೆಲಸಗಾರರು ಇದ್ದಲ್ಲಿ ಇಂಥಾ ಆಫೀಸರ್ ಇರಬೇಕು ಅಂತ ಅದರ 49ನೇ ಕಲಂದಾಗ ಬರದಿದ್ರು. ಹಂಗಾಗಿ ಸಮಾಜಕಾರ್ಯ ಓದಿದವರು ಕಂಪನಿಯೊಳಗ ಏನು ಮಾಡ್ತಾರ ಅಂತ ಕೇಳಿದ್ರ ಇದು ಇವತ್ತಿಂದಲ್ಲ, ಎಪ್ಪತ್ತು ವರ್ಷ ದಾಟೇತಿ. ಕ್ಯಾಂಟೀನು, ಕೂಸಿನ ಮನಿ, ಇಎಸ್‌ಐ, ಪಿಎಫ್, ಅಪಘಾತ ಆದಾಗ ಮನಿಯವರ ಜೋಡಿ ದವಾಖಾನ್ಯಾಗ ನಿಲ್ಲೋದು, ಎಲ್ಲಾ ನಮ್ಮ ಕೆಲಸ.

ನಮ್ಮ ಅಪ್ಪ ಮಗ್ಗದ ಮ್ಯಾಲ ಕುಂತು ಕುಂತು ಬೆನ್ನು ಬಿದ್ದುಹೋದಾಂವ, ಅವಗ ಯಾವ ಇಎಸ್‌ಐನೂ ಇರಲಿಲ್ಲ. ಮಗ ಕೆಲಸಗಾರರ ಕಾರ್ಡ್ ಮಾಡಿಸಿ ಕೊಡ್ತಾನ ಅಂತ ಈಗ ಓಣ್ಯಾಗ ಹೇಳ್ಕೊಂಡು ಅಡ್ಡಾಡ್ತಾನ. ಪಗಾರ ಬೆಂಗಳೂರಿನವರಷ್ಟಿಲ್ಲ, ತಿಂಗಳಾ ತಿಂಗಳಾ ತಪ್ಪದ ಬರ್ತೈತಿ.

ಒಬ್ಬ ಪಾಲಕ, ಲಕ್ಷ್ಮೇಶ್ವರ:
ನಾನು ತಂದಿ ಸ್ಥಾನದಾಗ ನಿಂತು ಬರೀತೀನಿ. ನನ್ನ ಮಗಳೂ ಇದನ್ನ ಓದ್ಯಾಳ. ನಾ ಮೊದಲು ಬ್ಯಾಡ ಅಂದಾಂವನ, ನಿಮ್ಮ ಅಪ್ಪಾರಂಗ. ಈಗ ನಾಕು ವರ್ಷದಿಂದ ಒಂದು ಸಂಸ್ಥೆಯೊಳಗ ಮಹಿಳಾ ಸಂಘಗಳ ಕೆಲಸ ಮಾಡ್ತಾಳ. ಕೆಲಸ ಛೊಲೊ ಐತಿ, ಆಕಿ ಮಾತು ಕೇಳಿದ್ರ ನನಗ ಹೆಮ್ಮಿ ಆಗ್ತದ. ಆದ್ರ ಒಂದು ಮಾತು ಮುಚ್ಚಿಡಬಾರದು. ಆಕಿ ಕೆಲಸ ಪ್ರಾಜೆಕ್ಟ್ ಮ್ಯಾಲ. ಪ್ರಾಜೆಕ್ಟ್ ಮೂರು ವರ್ಷದ್ದು, ಮುಗದ ಮ್ಯಾಲ ಮತ್ತೊಂದು ಹುಡುಕಬೇಕು, ನಡುವ ಐದು ತಿಂಗಳು ಮನ್ಯಾಗ ಕುಂತಿದ್ಲು. ಸರಕಾರದ್ದರಾಗೂ ಈ ಕಡೆ ಹುದ್ದೆ ಬಹಳಷ್ಟು ಕಾಂಟ್ರ್ಯಾಕ್ಟ್. ಹೆಣ್ಣು ಹುಡುಗಿ ಮದುವಿ ಮಾತು ಬಂದಾಗ ಗಂಡಿನವರು ಕೇಳೋ ಮೊದಲ ಪ್ರಶ್ನೆ ಪರ್ಮನೆಂಟ್ ಏನ್ರಿ ಅಂತ. ಇದು ನಮ್ಮ ಮಗಳ ತಪ್ಪಲ್ಲ, ಓದಿನ ತಪ್ಪೂ ಅಲ್ಲ. ಮಂದಿ ನೋವಿನ ಕೆಲಸಕ್ಕ ಖಾಯಂ ಹುದ್ದೆ ಕೊಡಲಾರದ ವ್ಯವಸ್ಥೆ ತಪ್ಪು, ಇದನ್ನ ನಾ ಎಲ್ಲಿ ಬೇಕಾದಲ್ಲಿ ಹೇಳ್ತೀನಿ.

ಅದಕ್ಕ ನಾ ಆಕಿಗೆ ಹೇಳಿದ್ದ ನಿನಗೂ ಹೇಳ್ತೀನಿ ಮಗಳ, ಬಿಎಸ್‌ಡಬ್ಲ್ಯೂನೂ ಡಿಗ್ರಿನ. ಪಿಡಿಒ, ಕೆಎಎಸ್, ಎಫ್‌ಡಿಎಗೆ ಯಾವ ಡಿಗ್ರಿ ಇದ್ರೂ ನಡೀತದ, ಬಿಎ ಮಾಡಿದವರು ಬರೆಯೋ ಪರೀಕ್ಷೆ ನೀನೂ ಬರೀಬಹುದು. ಧಾರವಾಡ ಸಪ್ತಾಪುರದಾಗ ನೋಡು, ಅಲ್ಲಿ ಓದಾಕತ್ತವರೊಳಗ ಎಲ್ಲಾ ಡಿಗ್ರಿಯವರೂ ಅದಾರ. ಪಂಚಾಯತ್ ವ್ಯವಸ್ಥಾ ಹೊಲದಾಗ ನಿಂತು ನೋಡಿದಾಕಿಗೆ ಪಿಡಿಒ ಪುಸ್ತಕ ಬ್ಯಾರೆ ರೀತಿ ತಿಳೀತದ.

ಕಲಿಸಿದಾಂವ:
ನಾನು ಸಮಾಜಕಾರ್ಯ ವಿಷಯ ಹಲವು ವರ್ಷ ಕಲಿಸೀನಿ, ಈಗ ನಿವೃತ್ತ. ತಂದಿಯವರು 'ಸಮಾಜಸೇವಾ' ಅಂದದ್ದಕ್ಕ ಒಂದು ಮಾತು. ಸಮಾಜಸೇವಾ ಬ್ಯಾರೆ, ಸಮಾಜಕಾರ್ಯ ಬ್ಯಾರೆ. ಅನ್ನ ಹಾಕೋದು ಪುಣ್ಯದ ಕೆಲಸ, ಅದನ್ನ ಯಾರೂ ಸಣ್ಣದು ಅನ್ನಬಾರದು. ನಾವು ಕೇಳೋ ಪ್ರಶ್ನೆ, ಈ ಮನ್ಯಾಗ ಅನ್ನ ಯಾಕಿಲ್ಲ, ಯಾರಿಂದ ನಿಂತದ, ಯಾವ ಕಚೇರಿ ಬಾಗಲದಾಗ ನಿಂತದ. ಅದಕ್ಕ ತರಬೇತಿ ಬೇಕು ಅಂತ ನಮ್ಮ ದೇಶದಾಗ 1936ರಾಗನ ಮುಂಬೈದಾಗ ಶಾಲಾ ಶುರು ಮಾಡಿದ್ರು, ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅನ್ನೋರು ಮೊದಲ ನಿರ್ದೇಶಕರು, ಮುಂದ ಅದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಆತು. ಆ ಮನಷ್ಯಾ ಅದಕ್ಕೂ ಮೊದಲ ನಾಗಪಾಡಾದ ಬಡ ಓಣ್ಯಾಗ ಮನಿ ಮಾಡಿ ಕೆಲಸ ಮಾಡಿದಾಂವ, ಅಂದ್ರ ನಮ್ಮ ವಿದ್ಯಾ ಹುಟ್ಟಿದ್ದೇ ಓಣ್ಯಾಗ.

ನೀವು ಮೊದಲ ವರ್ಷದಾಗ ಬೀಸ್ಟೆಕ್ ಅನ್ನೋ ಪಾದ್ರಿ ಹೇಳಿದ ಏಳು ತತ್ವ ಬಾಯಿಪಾಠ ಮಾಡ್ತೀರಿ. ಒಬ್ಬೊಬ್ಬರನ್ನ ಒಬ್ಬೊಬ್ಬರಂತನ ನೋಡೋದು, ಮನಸಿನ್ಯಾಗಿದ್ದದ್ದು ಹೇಳಲಿಕ್ಕೆ ಜಾಗಾ ಕೊಡೋದು, ನಮ್ಮ ಭಾವನಾ ಹಿಡಿತದಾಗ ಇಟ್ಕೊಂಡು ಸ್ಪಂದಿಸೋದು, ಇದ್ದಂಗ ಒಪ್ಪಿಕೊಳ್ಳೋದು, ತೀರ್ಪು ಕೊಡಲಾರದ ಇರೋದು, ಅವರ ನಿರ್ಧಾರ ಅವರಿಗೆ ಬಿಡೋದು, ಗುಟ್ಟು ಕಾಯೋದು. ಬಾಯಿಪಾಠ ಒಂದು ತಾಸಿನ ಕೆಲಸ. ಮ್ಯಾಲ ಹಾವೇರಿಯವರು ಬರದ ಕೆಂಪು ಗೆರಿ ನೋಡ್ರಿ, ಐದನೇ ತತ್ವ ಅಲ್ಲೇ ಅದ. ಊರ ಹೆಸರು ತಗಸಿದ್ರಲ್ಲ, ಏಳನೇದು ಅದ.

ಇನ್ನೊಂದು ನನ್ನ ಹಟ. ನಮ್ಮ ಪುಸ್ತಕದಾಗ ಷಿಕಾಗೊ, ಲಂಡನ್ ಉದಾಹರಣೆ ಭಾಳ. ಸಮುದಾಯ ಸಂಘಟನೆ ಅಂದ್ರ ಏನು ಅಂತ ಕೇಳಿದ್ರ ನಾ ಹುಡುಗೂರನ್ನ ಗದಗ ಹತ್ರ ಕಣಗಿನಹಾಳಕ್ಕ ಕರ್ಕೊಂಡು ಹೋಗ್ತಿದ್ದೆ, 1905ರಾಗ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಾಹುಕಾರರ ಬಡ್ಡಿಯಿಂದ ರೈತರನ್ನ ಬಿಡಿಸಲಿಕ್ಕೆ ಅಲ್ಲೇ ಸಹಕಾರಿ ಸಂಘ ಕಟ್ಟಿದ್ರು. ಸಾಮಾಜಿಕ ಕ್ರಿಯೆ ಅಂದ್ರ ಈಗಿನ ಹಾವೇರಿ ಜಿಲ್ಲಾದ ಕುಸನೂರು. 1987ರ ನವೆಂಬರ್ 14ಕ್ಕ, ಆಗ ಅದು ಧಾರವಾಡ ಜಿಲ್ಲಾನ, ಊರ ಸಾಮೂಹಿಕ ಜಮೀನಿನ್ಯಾಗ ಕಂಪನಿ ಹಚ್ಚಿದ ನೀಲಗಿರಿ ಸಸಿ ಕಿತ್ತು ಮಂದಿ ತಮಗ ಬೇಕಾದ ಗಿಡ ಹಚ್ಚಿದ್ರು, ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಅಂತ. ಹುಬ್ಬಳ್ಳಿಯೊಳಗ ಸೆಟ್ಲಮೆಂಟ್ ಅಂತ ಕರೆಯೋ ಓಣಿಗೆ ಆ ಹೆಸರು ಯಾಕ ಬಂತು ಅಂತ ಕೇಳಿದ್ರ ಕೆಲವು ಸಮುದಾಯದವರಿಗೆ ಹುಟ್ಟಿನಿಂದನ ಅಪರಾಧಿಗಳು ಅಂತ ಹಣೆಪಟ್ಟಿ ಹಚ್ಚಿದ ಬ್ರಿಟಿಷರ ಅಪರಾಧಿ ಬುಡಕಟ್ಟು ಕಾಯ್ದೆ ತನಕ ಹೋಗಬೇಕಾಗ್ತದ, 1952ಕ್ಕ ಅದು ರದ್ದಾತು, ಮಂದಿ ಮನಸಿನ್ಯಾಗಿಂದ ರದ್ದಾಗಿಲ್ಲ. ಅಲ್ಲಿ ಫೀಲ್ಡಿಗೆ ಹೋಗೋ ಹುಡುಗೂರಿಗೆ ನಾ ಮೊದಲ ಅದನ್ನ ಓದಿಸಿ ಕಳಸ್ತಿದ್ದೆ, ಇಲ್ಲಾಂದ್ರ ಅವರೂ ಊರವರ ಕಣ್ಣಿಂದನ ನೋಡ್ತಾರ.

ಮತ್ತ ವರ್ಷದ ಲೆಕ್ಕ. ನಡುವ ನಾಕು ವರ್ಷದ ಆನರ್ಸ್ ಮಾಡಿದ್ರು, 2024-25ರಿಂದ ನಮ್ಮ ರಾಜ್ಯದಾಗ ಮತ್ತ ಮೂರು ವರ್ಷಕ್ಕ ತಂದಾರ. ಆರು ಸೆಮಿಸ್ಟರ್.

ಹೆಸರು ಬ್ಯಾಡ:
ನಾ ಯಾವ ಕಾಲೇಜಿನ್ಯಾಗ ಓದಿದೆ ಅಂತ ಹೇಳಂಗಿಲ್ಲ. ನಮ್ಮಲ್ಲಿ ಫೀಲ್ಡ್ ವರ್ಕ್ ಅನ್ನೋದು ಸಹಿ ಹಾಕ್ಸೋ ಕೆಲಸ ಇತ್ತು ಅಷ್ಟ. ಸೆಮ್ ಕೊನೀಗೆ ಸೀನಿಯರ್ಸ್ ಹಳೇ ರೆಕಾರ್ಡ್ ತಂದು ರಾತ್ರಿ ಕುಂತು ದಿನಾಂಕ ಬದಲಿ ಮಾಡಿ ಬರೀತಿದ್ವಿ, ಮಾಸ್ತರ ಒಬ್ಬರ, ನಾವು ಅರವತ್ತು ಮಂದಿ, ಅವರು ತೆರದೂ ನೋಡ್ತಿದ್ದಿಲ್ಲ. ಆವಾಗ ಖುಷಿ ಇತ್ತು ನಮಗ. ಎಂಎಸ್‌ಡಬ್ಲ್ಯೂ ಸೇರಿದ ಮ್ಯಾಲ ದವಾಖಾನ್ಯಾಗ ಪ್ಲೇಸ್‌ಮೆಂಟ್ ಹಾಕಿದ್ರು. ಸುಟ್ಟಗಾಯದ ವಾರ್ಡು. ಒಬ್ಬಾಕಿ ಹೆಣ್ಮಗಳು ನನ್ನ ಕೈ ಹಿಡ್ಕೊಂಡು ಏನೋ ಹೇಳಾಕ ಹತ್ತಿದ್ಲು, ಸುತ್ತ ಗಂಡನ ಮನಿಯವರು ನಿಂತಿದ್ರು, ನಾ ಅವರನ್ನ ಹೊರಗ ಹೋಗ್ರಿ ಅಂತ ಹೇಳ್ಬೇಕು ಅನ್ನೋದ ನನಗ ಗೊತ್ತಿರಲಿಲ್ಲ. ಸಿಸ್ಟರ್ ಬಂದು ಅವರನ್ನ ಹೊರಗ ಕಳಿಸಿದ್ರು, ಆದ್ರ ಅಷ್ಟೊತ್ತಿಗೆ ಆಕಿ ಮಾತು ನಿಲ್ಲಿಸಿದ್ಲು. ಮೂರು ವರ್ಷ ಓದಿದಾಕಿ ನಾ. ಬ್ಯಾರೆ ಡಿಗ್ರಿಯಿಂದ ಬಂದವರಿಗೂ ನನಗೂ ಏನೂ ಫರಕ ಇರಲಿಲ್ಲ. ಅವತ್ತ ರಾತ್ರಿ ನಿದ್ದಿ ಬರಲಿಲ್ಲ, ಈಗಲೂ ಆ ಕೈ ನೆನಪಾಗ್ತೈತಿ.

ರೋಣದ ತಂಗಿ, ಕಾಲೇಜು ಬಿಲ್ಡಿಂಗ್ ನೋಡಿ ಸೇರಬ್ಯಾಡ.

ರೋಣದ ಹುಡುಗಿ:
ಎಲ್ಲಾ ಓದಿದೆ ಅಕ್ಕಾರ, ಅಣ್ಣಾರ, ಸರ್. ಲಕ್ಷ್ಮೇಶ್ವರದ ಕಾಕಾರು ಬರದದ್ದು ಅಪ್ಪಾರಿಗೆ ಓದಿ ಹೇಳಿದೆ, ಎರಡು ಸಲ ಓದ್ಸಿದ್ರು. 'ಇವರು ಖರೆ ಹೇಳ್ಯಾರ' ಅಂದ್ರು ಅಷ್ಟ, ಮುಂದೇನೂ ಅನ್ಲಿಲ್ಲ. ಅವ್ವ ಕೇಳಿದ್ದು ಬ್ಯಾರೆ, ಇಂಥಾ ಮನಿ ದುಃಖ ದಿನಾ ನೋಡಿ ನೀ ಹೆಂಗ ಇರ್ತಿ, ನೀ ಸಿನಿಮಾ ನೋಡಿದ್ರ ಅಳಾಕಿ ಅಂದ್ಲು. ಇದಕ್ಕ ನನ್ನ ಹತ್ರ ಉತ್ತರ ಇಲ್ಲ. ಮತ್ತ ಫೀಲ್ಡಿನ್ಯಾಗ ಹುಡುಗ್ಯಾರಿಗೆ ತ್ರಾಸ ಆದ್ರ ಯಾರು ನೋಡ್ತಾರ್ರಿ?

ಹಾವೇರಿ ಅಕ್ಕ:
ಅವ್ವಾರ ಪ್ರಶ್ನೆ ಎಲ್ಲಾರಕ್ಕಿಂತ ದೊಡ್ಡದು. ಅಳೋದು ತಪ್ಪಲ್ಲ ತಂಗಿ. ನಾ ಮೊದಲ ವರ್ಷ ಬಾಲಮಂದಿರದಿಂದ ಹೊರಗ ಬಂದು ಬಸ್‌ಸ್ಟಾಪಿನ್ಯಾಗ ಅತ್ತೀನಿ. ಒಳಗ, ಆ ಕೂಸಿನ ಮುಂದ ಅಳಬಾರದು, ಯಾಕಂದ್ರ ಆಗ ಅದು ತನ್ನ ದುಃಖ ಬಿಟ್ಟು ನಿನ್ನನ್ನ ಸಮಾಧಾನ ಮಾಡಾಕ ನಿಲ್ತೈತಿ. ಸರ್ ಬರದ ಮೂರನೇ ತತ್ವ ಅದ. ಇದು ರೂಢಿಯಿಂದ ಬರ್ತೈತಿ, ಒಬ್ಬರ ಕುಂತು ಬರಂಗಿಲ್ಲ, ವಾರಾ ವಾರಾ ಯಾರ ಮುಂದರ ಹೇಳ್ಕೋಬೇಕು. ನಾ ಈಗಲೂ ನನ್ನ ಗೆಳತಿಯರ ಜೋಡಿ ತಿಂಗಳಿಗೊಮ್ಮೆ ಕುಂದರ್ತೀನಿ, ಹೆಸರು ಊರು ಹೇಳಲಾರದ ಕೇಸಿನ ಬಗ್ಗೆ ಮಾತಾಡ್ತೀವಿ, ಚಾ ಕುಡೀತೀವಿ, ಮನಸಿಗೆ ಅನ್ನಿಸಿದ್ದೆಲ್ಲಾ ಅಲ್ಲಿ ಹೇಳ್ತೀವಿ. ಇದನ್ನ ಮಾಡದವರು ಐದು ವರ್ಷದಾಗ ಕಲ್ಲಾಗಿದ್ದನ್ನ ನೋಡೀನಿ, ಕೂಸಿನ್ನ ಕೇಸ್ ನಂಬರಿಂದ ಕರೀತಾರ. ಅಳಾಕಿಗಿಂತ ಅವರ ಬಗ್ಗೆ ನನಗ ಹೆಚ್ಚು ಚಿಂತಿ.

ಸುರಕ್ಷತೆ ಬಗ್ಗೆ, ಒಳ್ಳೆ ಕಾಲೇಜಿನವರು ಮೊದಲ ವರ್ಷ ಇಬ್ಬಿಬ್ಬರನ್ನ ಜೋಡಿ ಮಾಡಿ ಕಳಸ್ತಾರ, ಎಲ್ಲಿ ಹೋಗಿರ್ತೀರಿ ಅಂತ ಆ ಊರ ಪಂಚಾಯ್ತಿಗೆ ಇಲ್ಲಾ ಸಂಸ್ಥೆಗೆ ಪತ್ರ ಕೊಟ್ಟಿರ್ತಾರ, ಸಂಜಿ ಐದರೊಳಗ ಹೊಳ್ಳಿ ಬರಬೇಕು. ಯಾವ ಮನ್ಯಾಗರ ನಿನಗ ಸರಿ ಅನಸಲಿಲ್ಲಂದ್ರ ಒಳಗ ಹೋಗಬ್ಯಾಡ, ಕಟ್ಟಿ ಮ್ಯಾಲ ಕುಂತು ಮಾತಾಡಿಸು, ಇದಕ್ಕ ಯಾರ ಅಪ್ಪಣಿನೂ ಬೇಕಾಗಿಲ್ಲ. ಬಂದು ಸೂಪರ್‌ವೈಸರ್‌ಗೆ ಹೇಳು. ಅವರು ಹೇಳಿದ್ದು ಕೇಳಲಿಲ್ಲಂದ್ರ ಕಾಲೇಜಿನ ಮಹಿಳಾ ದೂರು ಸಮಿತಿ ಐತಿ.

ಮುಂದ ಎಂಎಸ್‌ಡಬ್ಲ್ಯೂಕ್ಕ ದೂರ ಹೋಗಬೇಕಂತಿಲ್ಲ. ಧಾರವಾಡ ಕರ್ನಾಟಕ ವಿಶ್ವವಿದ್ಯಾಲಯದಾಗ ಐತಿ, ನಿಮಗ ಹತ್ರ ಗದಗ ನಾಗಾವಿಯ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದಾಗ ಐತಿ, ನಮ್ಮ ಹಾವೇರಿ ಕೆರಿಮತ್ತಿಹಳ್ಳಿಯೊಳಗೂ ಐತಿ. ಮನೋವೈದ್ಯ ಸಮಾಜಕಾರ್ಯದ ಕಡೆ ಮನಸ್ಸಿದ್ರ ಅದರ ಮುಂದ ಬೆಂಗಳೂರು ನಿಮ್ಹಾನ್ಸ್ ಐತಿ. ಏಳು ವರ್ಷ ಮಕ್ಕಳ ಕೆಲಸ ಮಾಡಿದ ಅನುಭವ ಇದ್ರ ಮುಂದ ಬಾಲನ್ಯಾಯ ಮಂಡಳಿ ಸದಸ್ಯರಾಗಾಕ ಅರ್ಜಿ ಹಾಕಬಹುದು, ಅಲ್ಲಿ ಮ್ಯಾಜಿಸ್ಟ್ರೇಟ್ ಜೋಡಿ ಇಬ್ಬರು ಸಮಾಜ ಕಾರ್ಯಕರ್ತರು ಕುಂದರ್ತಾರ, ಒಬ್ಬರು ಹೆಣ್ಮಗಳೇ ಆಗಿರಬೇಕು.

ಎರಡನೇ ವರ್ಷ ಧಾರವಾಡ:
ಅಕ್ಕಾರ, ನಿನ್ನೆ ಸರ್ ಜೋಡಿ ಮಾತಾಡಿದೆ. ಮಕ್ಕಳ ರಕ್ಷಣಾ ಘಟಕಕ್ಕ ಅವರ ಫೋನ್ ಹಚ್ಚಿದ್ರು. ಫೈಲ್ ಐತಂತ, ಮುಂದಿನ ಭೇಟಿ ಆಗಿಲ್ಲಂತ. ಈ ಶುಕ್ರವಾರ ನಾನೂ ಅವರ ಔಟ್‌ರೀಚ್ ವರ್ಕರ್ ಮೇಡಮ್ಮೂ ಕೂಡೇ ಹೋಗೋದಂತ ಆಗೇತಿ. ಹಾಸ್ಟೆಲ್ ಅರ್ಜಿ ಫಾರ್ಮ್ ಇಟ್ಕೊಂಡೀನಿ.

ಹಳೇ ಹುಬ್ಬಳ್ಳಿಯಾಂವ:
ನಮ್ಮ ಅಣ್ಣನ ಮಗಗ ಫೋನ್ ಮಾಡಿ ಕೇಳಿದೆ, ಫೀಲ್ಡ್ ವರ್ಕ್ ಏನು ಮಾಡಿದ್ಯೋ ಅಂತ. 'ಕಾಕಾ, ಸಹಿ ಹಾಕ್ಸಿದ್ವಿ' ಅಂದ. ಮ್ಯಾಲ ಆ ಹೆಣ್ಮಗಳು ಬರದಂಗನ. ಹಂಗಾದ್ರ ನಾ ಬ್ಯಾಡ ಅಂದದ್ದು ಓದಿಗಲ್ಲ ತಂಗಿ, ಅಂಥಾ ಕಾಲೇಜಿಗೆ ಅಂತ ತಿಳ್ಕೋ.

ರೋಣದ ಹುಡುಗಿ:
ನಾಡಿದ್ದು ಮುಂಜಾನೆ ಏಳರ ಬಸ್ಸಿಗೆ ಗದಗಕ್ಕ ಹೊಂಟೀವಿ, ಅಲ್ಲಿಂದ ಧಾರವಾಡ. ಎರಡು ಕಾಲೇಜು ನೋಡ್ತೀವಿ. ಅಪ್ಪಾರೂ ಬರ್ತಾರ, ಹೆಸರು ಬಿತ್ತೋದು ಮುಂದ ಹಾಕಿ. ಒಬ್ಬೊಬ್ಬ ಸೂಪರ್‌ವೈಸರ್ ಕೈಯಾಗ ಎಷ್ಟು ಹುಡುಗೂರು ಅಂತ ಕೇಳ್ತೀನಿ, ವಾರಕ್ಕೊಮ್ಮೆ ಐಸಿ ಆಗ್ತೈತೇನು ಅಂತ ಕೇಳ್ತೀನಿ, ಯಾವ್ಯಾವ ಊರಿಗೆ ಕಳಸ್ತಾರ ಅಂತ ಕೇಳ್ತೀನಿ. ಬ್ಯಾರೆ ಏನರ ಕೇಳೋದೈತೇನ್ರಿ?

ಹೆಸರು ಬ್ಯಾಡ:
ಹೋದ ವರ್ಷದ ಹುಡುಗೂರ ರೆಕಾರ್ಡ್ ಒಂದು ತೋರಸ್ರಿ ಅಂತ ಕೇಳು. ಮಂದಿ ಹೆಸರು, ಊರು ಮುಚ್ಚಿ ತೋರಿಸಿದ್ರ ಮೊದಲ ಅದಕ್ಕ ಒಂದು ಮಾರ್ಕ್ ಕೊಡು. ಆಮ್ಯಾಲ ಹಾಳಿ ತಿರುವಿ ನೋಡು, ಕೆಂಪು ಪೆನ್ನಿಂದು ಐತೇನು ಅಂತ.